ರಿಜಿಸ್ಟರ್ ಮದುವೆಯಲ್ಲಿ ಅಕ್ಷತೆ ಹಾಕೋದು ಯಾವ ಗಳಿಗೆಗೆ?

ಹೊಳೆನರಸೀಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಊರು ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿ. ಬೆಂಗಳೂರಿನ ವಿಜಯನಗರದಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ, ಎರಡು ವರ್ಷ ಆಯಿತು. ನಾನು ಮದುವೆ ಆಗುವ ಹುಡುಗ ಲಿಂಗರಾಜಪುರದವನು. ಕ್ರಿಶ್ಚಿಯನ್, ಮನೆಯಲ್ಲಿ ತಮಿಳು. ಇಬ್ಬರೂ ಧರ್ಮ ಬದಲಾಯಿಸುವುದಿಲ್ಲ. ಹಾಗಾಗಿ ವಿಶೇಷ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಮದುವೆ ಅಂತ ತೀರ್ಮಾನ ಮಾಡಿದ್ದೇವೆ.

ನನಗೆ ಅಪ್ಪ ಇಲ್ಲ. ಅಮ್ಮನನ್ನು ಒಪ್ಪಿಸಲು ಒಂದೂವರೆ ವರ್ಷ ಬೇಕಾಯಿತು. ಈಗ ಮನಸಾರೆ ಒಪ್ಪಿದ್ದಾರೆ. ಆದರೆ ಅವರು ಒಂದು ಪ್ರಶ್ನೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಲ್ಲ ಕಣಮ್ಮಾ, ಗಟ್ಟಿಮೇಳ ಇರಲ್ಲ, ಪುರೋಹಿತರು ಇರಲ್ಲ. ಅಕ್ಷತೆ ಹಾಕೋದು ಯಾವಾಗ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನೀನು ಅವನ ಹೆಂಡತಿ ಆಗೋದು ಯಾವ ಗಳಿಗೇಲಿ?"

ಸೈನ್ ಹಾಕಿದಾಗಲಾ? ಸೀಲು ಬಿದ್ದಾಗಲಾ? ಅಥವಾ ಅಲ್ಲೇ ತಾಳಿ ಕಟ್ಟಿದರೆ ಆಗಲಾ? ಕಾನೂನಿನ ಪ್ರಕಾರ ಆ ದಿನ ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಅನುಭವ ಇರುವವರು ದಯವಿಟ್ಟು ಹೇಳಿ. ಆಷಾಢಕ್ಕೆ ಮೊದಲು ಆಗಬೇಕು ಅನ್ನುವುದು ಅಮ್ಮನ ಇನ್ನೊಂದು ಆಸೆ.

ಕನ್ನಡ ಟೀಚರ್, ಬನಶಂಕರಿ

ಮೊದಲು ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ನಾನು 2022ರಲ್ಲಿ ಇದೇ ಕಾಯ್ದೆಯಡಿ ಮದುವೆ ಆದೆ. ನನ್ನವರು ಚನ್ನಪಟ್ಟಣದವರು, ಮನೆ ಮಾತು ಉರ್ದು. ನಮ್ಮ ಮನೆಯಲ್ಲೂ ಇದೇ ಗೊಂದಲ ಇತ್ತು.

ನಿಮ್ಮ ಮದುವೆ ಆಗುವುದು ಒಂದು ಮಾತಿನಿಂದ. ಕಾಯ್ದೆಯ 12ನೇ ಸೆಕ್ಷನ್ ಓದಿ. ಮದುವೆಯನ್ನು ನಿಮಗೆ ಬೇಕಾದ ಯಾವ ರೀತಿಯಲ್ಲಾದರೂ ಮಾಡಿಕೊಳ್ಳಬಹುದು ಅಂತ ಇದೆ. ಹಾರ ಹಾಕಿ, ಉಂಗುರ ಹಾಕಿ, ತಾಳಿ ಕಟ್ಟಿ, ಯಾವುದೂ ಬೇಡ ಅಂದರೆ ಬಿಡಿ. ಆದರೆ ಒಂದು ಷರತ್ತು. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ನೀವು ಅವರಿಗೆ, ಅವರು ನಿಮಗೆ, "ನಾನು ಇಂಥವಳು, ಇಂಥವರಾದ ನಿಮ್ಮನ್ನು ನನ್ನ ಕಾನೂನುಬದ್ಧ ಗಂಡನಾಗಿ ಸ್ವೀಕರಿಸುತ್ತೇನೆ" ಅಂತ ಹೇಳಬೇಕು. ಇಬ್ಬರಿಗೂ ಅರ್ಥ ಆಗುವ ಯಾವ ಭಾಷೆಯಾದರೂ ಆಗುತ್ತದೆ. ಈ ಮಾತು ಆಡದೆ ಮದುವೆ ಪೂರ್ತಿ ಆಗುವುದಿಲ್ಲ, ಇಬ್ಬರನ್ನೂ ಕಟ್ಟಿಹಾಕುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ.

ಈ ಮಾತಿನ ಮುಂಚೆ ಒಂದು ಕಾಗದ, ಆಮೇಲೆ ಒಂದು ಕಾಗದ. ಮುಂಚಿನದು ಘೋಷಣೆ. ನನಗೆ ಈಗ ಬೇರೆ ಗಂಡ ಇಲ್ಲ, ನನಗೆ ಇಷ್ಟು ವಯಸ್ಸು ತುಂಬಿದೆ, ಈತ ನನಗೆ ನಿಷಿದ್ಧ ಸಂಬಂಧದಲ್ಲಿ (ಮದುವೆ ಆಗಬಾರದಷ್ಟು ಹತ್ತಿರದ ನೆಂಟಸ್ತಿಕೆಯಲ್ಲಿ) ಬರುವವರಲ್ಲ, ಇದರಲ್ಲಿ ಸುಳ್ಳು ಇದ್ದರೆ ಜೈಲು ಮತ್ತು ದಂಡ ಆಗಬಹುದು ಅಂತ ನನಗೆ ಗೊತ್ತಿದೆ. ಇಷ್ಟಕ್ಕೆ ನೀವು ಸೈನ್ ಹಾಕುತ್ತೀರಿ. ಅವರೂ ಅವರದಕ್ಕೆ ಹಾಕುತ್ತಾರೆ. ಸಾಕ್ಷಿಗಳು ಹಾಕುತ್ತಾರೆ. ಅಧಿಕಾರಿ ಕೆಳಗೆ ಸೈನ್ ಮಾಡುತ್ತಾರೆ. ಆಮೇಲಿನದು ಸರ್ಟಿಫಿಕೇಟ್. ಮದುವೆ ಆಗಿದೆ ಅನ್ನುವುದಕ್ಕೆ ಅದು ಪುರಾವೆ. ಮದುವೆ ಮಾತ್ರ ನಡುವಿನ ಆ ಮಾತಿನಲ್ಲಿ ಆಗಿಹೋಗಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾವು ಹೋದ ಆಫೀಸಿನಲ್ಲಿ (ಯಾವುದು ಅಂತ ಹೇಳುವುದಿಲ್ಲ) ಬೆಳಗ್ಗೆ ಹತ್ತೂವರೆಗೆ ಕರೆದಿದ್ದರು. ನನ್ನ ಅತ್ತೆ, ಅಮ್ಮ ಇಬ್ಬರೂ ಬಂದಿದ್ದರು. ಅಮ್ಮ ಯಾರಿಗೂ ಹೇಳದೆ ಪಂಚಾಂಗ ನೋಡಿಸಿಕೊಂಡು ಬಂದಿದ್ದರು, 10.50ರಿಂದ 11.30 ಒಳ್ಳೆಯ ಸಮಯ ಅಂತ. ಅಲ್ಲಿ ಹೋದರೆ ಸರ್ವರ್ ಡೌನ್. ಸೈಟು, ಫ್ಲಾಟು ರಿಜಿಸ್ಟರ್ ಮಾಡಿಸಲು ಬಂದವರು ಕಾರಿಡಾರ್ ತುಂಬಾ ನಿಂತಿದ್ದಾರೆ. ನಾನು ಮೈಸೂರು ಸಿಲ್ಕ್ ಸೀರೆ ಉಟ್ಟು ಅವರ ನಡುವೆ ಕೂತಿದ್ದೆ. ಹನ್ನೊಂದು ಗಂಟೆ ಆಯಿತು. ಅಮ್ಮ ಗಡಿಯಾರ ನೋಡುತ್ತಾರೆ, ಏನೂ ಹೇಳುವುದಿಲ್ಲ. ಅವರ ಆ ಸುಮ್ಮನಿರುವಿಕೆ ನನಗೆ ತಡೆಯಲು ಆಗಲಿಲ್ಲ.

ಹಿಂದಿನ ರಾತ್ರಿ ಕಾಯ್ದೆ ಓದಿದ್ದೆ. ಎದ್ದು ಒಳಗೆ ಹೋಗಿ ಕೇಳಿದೆ. "ಸರ್, ಘೋಷಣೆ ಕಾಗದದ ಮೇಲೆ ಇದೆ. ಆ ಮಾತು ಹೇಳಲು ಸರ್ವರ್ ಬೇಡ ಅಲ್ವಾ?" ಅವರು ಒಂದು ನಿಮಿಷ ನನ್ನ ಮುಖ ನೋಡಿದರು. "ಯಾವ ಮಾತಮ್ಮ? ಸೈನ್ ಹಾಕಿ ಸಾಕು, ಸಿಸ್ಟಮ್ ಬಂದ ಮೇಲೆ ಕರೀತೀನಿ" ಅಂದರು. ನಾನು 12ನೇ ಸೆಕ್ಷನ್ ಅಂದೆ. ಅವರ ಮೇಜಿನ ಮೇಲೇ ಪುಸ್ತಕ ಇತ್ತು. ತೆಗೆದು ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು "ಸರಿ, ಎಲ್ಲರನ್ನೂ ಕರೀರಿ" ಅಂದರು. ಆಮೇಲೆ ಅವರು ನಡೆದುಕೊಂಡ ರೀತಿಗೆ ನಾನು ಇವತ್ತಿಗೂ ಋಣಿ. ಜವಾನರಿಗೆ ಹೇಳಿ ಬಾಗಿಲು ಮುಚ್ಚಿಸಿದರು. ತಾವೂ ಎದ್ದು ನಿಂತರು. ಘೋಷಣೆಗೆ ಸೈನ್ ಆಯಿತು, ನಾವು ಒಬ್ಬರಿಗೊಬ್ಬರು ಆ ಮಾತು ಹೇಳಿದೆವು. ಗಡಿಯಾರದಲ್ಲಿ 11.15. ಅಮ್ಮ ಅಕ್ಷತೆ ಹಾಕಿದರು. ನನ್ನ ಅತ್ತೆಗೆ ಆ ಪದ್ಧತಿ ಇಲ್ಲ, ಆದರೂ ಅಮ್ಮನ ಅಂಗೈಯಿಂದ ನಾಲ್ಕು ಕಾಳು ತೆಗೆದುಕೊಂಡು ಹಾಕಿದರು. ಆಮೇಲೆ ಇಬ್ಬರೂ ಬಗ್ಗಿ ನೆಲದ ಮೇಲಿನ ಅಕ್ಕಿ ಆರಿಸಿದರು, ಆಫೀಸು ಗಲೀಜು ಆಗಬಾರದು ಅಂತ. ಸರ್ಟಿಫಿಕೇಟ್ ಸಿಕ್ಕಾಗ ಎರಡೂಕಾಲು.

ಭಾಷೆ ಬಗ್ಗೆ ಒಂದು ಮಾತು. ನಾನು ನನ್ನವರನ್ನು "ನೀನು" ಅಂತಲೇ ಕರೆಯುವುದು. ಹಿರಿಯರ ಮುಂದೆ "ನಿಮ್ಮನ್ನು" ಅನ್ನು ಅಂತ ಅಮ್ಮ ಹೇಳಿದ್ದರು. ಕಾನೂನಿಗೆ ಎರಡೂ ಒಂದೇ. ನಾನು "ನಿನ್ನನ್ನು" ಅಂತಲೇ ಹೇಳಿದೆ. ಆ ಮಾತು ನನ್ನದೇ ಬಾಯಿಂದ, ನಾನು ದಿನಾ ಆಡುವ ಹಾಗೇ ಬರಬೇಕಿತ್ತು. ನೀವಿಬ್ಬರೂ ಮೊದಲೇ ಮಾತಾಡಿಕೊಂಡು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಒಂದೇ ದಿನದ ಮದುವೆ

ಇಷ್ಟೆಲ್ಲಾ ಯಾಕೆ ಮೇಡಂ? ನನಗೆ ಗೊತ್ತಿರುವ ಏಜೆಂಟ್ ಒಬ್ಬರು ಒಂದೇ ದಿನದಲ್ಲಿ ಮಾಡಿಸಿಕೊಡುತ್ತಾರೆ. ಹಿಂದೂ ಮ್ಯಾರೇಜ್ ಅಂತ ಫಾರ್ಮ್ ತುಂಬಿ, ದೇವಸ್ಥಾನದ ರಸೀದಿ ಅವರೇ ತರುತ್ತಾರೆ. ಮದುವೆ ಆಗುತ್ತೇವೆ ಅಂತ ಆಫೀಸಿಗೆ ಮೊದಲೇ ನೋಟಿಸ್ ಕೊಡುವುದು ಇಲ್ಲ, 30 ದಿನ ಕಾಯುವುದಿಲ್ಲ. ನನ್ನ ಫ್ರೆಂಡ್ ಹೀಗೇ ಮಾಡಿಸಿಕೊಂಡ.

ವಕೀಲ, ಸಿಟಿ ಸಿವಿಲ್ ಕೋರ್ಟ್

ಮೇಲಿನವರ ಸಲಹೆ ದಯವಿಟ್ಟು ಕೇಳಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಆಗಲು ಇಬ್ಬರೂ ಹಿಂದೂಗಳಾಗಿರಬೇಕು. ಬೌದ್ಧ, ಜೈನ, ಸಿಖ್ಖರೂ ಅದರಲ್ಲಿ ಸೇರುತ್ತಾರೆ, ಕ್ರಿಶ್ಚಿಯನ್ ಸೇರುವುದಿಲ್ಲ. ಇಬ್ಬರೂ ಹಿಂದೂಗಳಾದರೂ ಸುಮ್ನೆ ರಿಜಿಸ್ಟರ್ ಮಾಡಿಸಿದರೆ ಮದುವೆ ಆಗುವುದಿಲ್ಲ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ತೆಗೆದುಕೊಂಡರೆ ಅದು ಆ ಕಾಯ್ದೆಯ ಪ್ರಕಾರ ಮದುವೆಯೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆ ಪೀಠದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಆಗದ ಶಾಸ್ತ್ರಕ್ಕೆ ರಸೀದಿ ತಂದುಕೊಡುವ ಏಜೆಂಟ್ ನಿಮ್ಮ ಕೈಗೆ ಕೊಡುವುದು ಒಂದು ಸುಳ್ಳು ಕಾಗದ. ಹತ್ತು ವರ್ಷ ಆದ ಮೇಲೆ ಆಸ್ತಿ ವಿಷಯಕ್ಕೋ ಪಿಂಚಣಿ ವಿಷಯಕ್ಕೋ ಯಾರಾದರೂ ಪ್ರಶ್ನೆ ಮಾಡಿದರೆ ಕಷ್ಟಪಡುವವರು ನೀವು.

"ಕೋರ್ಟ್ ಮ್ಯಾರೇಜ್" ಅನ್ನುವ ಹೆಸರು ಕೇಳಿ ನಮ್ಮ ಕೋರ್ಟಿನ ಬಾಗಿಲಿಗೆ ಬರುವವರು ತುಂಬಾ ಜನ. ಇದು ಕೋರ್ಟಿನಲ್ಲಿ ನಡೆಯುವುದಲ್ಲ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಅವರೇ ವಿವಾಹಾಧಿಕಾರಿ.

ಈಗ ಹುಡುಗಿಗೆ. ನೋಟಿಸ್ ಕೊಡುವ ದಿನಕ್ಕೆ ಹಿಂದಿನ 30 ದಿನ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ವಾಸ ಇರಬೇಕು. ನಿಮಗೆ ಅದು ತೊಂದರೆ ಇಲ್ಲ. ನೋಟಿಸ್ ಪ್ರಕಟ ಆದ ಮೇಲೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳ ಒಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಹೊಸ ನೋಟಿಸ್. ಏಪ್ರಿಲ್ 7ಕ್ಕೆ ಕೊಟ್ಟು ಅದೇ ದಿನ ಬೋರ್ಡಿಗೆ ಹಾಕಿದರು ಅನ್ನಿ. ಮೇ 8ರಿಂದ ಜುಲೈ ಮೊದಲ ವಾರದವರೆಗೆ ನಿಮ್ಮ ಕೈಯಲ್ಲಿ ಸಮಯ ಇದೆ. ಅಮ್ಮನ ಆಷಾಢಕ್ಕೆ ಮೊದಲೇ ದಿನ ಸಿಗುತ್ತದೆ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಕಾಯಂ ವಿಳಾಸ ಹೊಳೆನರಸೀಪುರದ್ದಾದರೆ, ನೋಟಿಸಿನ ಒಂದು ಪ್ರತಿಯನ್ನು ಅಲ್ಲಿನ ವಿವಾಹಾಧಿಕಾರಿಗೂ ಕಳಿಸಬೇಕು ಅಂತ 6ನೇ ಸೆಕ್ಷನ್ ಹೇಳುತ್ತದೆ. ಅವರು ಅದನ್ನು ತಮ್ಮ ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಬೇಕು. ಊರಲ್ಲಿ ಈ ವಿಷಯ ಇನ್ನೂ ಗೊತ್ತಿಲ್ಲದವರು ಯಾರಾದರೂ ಇದ್ದಾರಾ?

ಹೊಳೆನರಸೀಪುರದ ಹುಡುಗಿ

ಇದ್ದಾರೆ ಸರ್. ಚಿಕ್ಕಪ್ಪ. ಅಪ್ಪ ಹೋದ ಮೇಲೆ ತೋಟ ನೋಡಿಕೊಳ್ಳುತ್ತಿರುವವರು ಅವರೇ. ಅವರಿಗೆ ಇನ್ನೂ ಹೇಳಿಲ್ಲ. ಹೇಳಲು ಧೈರ್ಯ ಆಗಿಲ್ಲ. ಅವರು ಆಕ್ಷೇಪ ಹಾಕಿದರೆ ಮದುವೆ ನಿಂತುಹೋಗುತ್ತದಾ? ಬೇರೆ ಧರ್ಮದವನನ್ನು ಮದುವೆ ಆದರೆ ತೋಟದ ಪಾಲು ಹೋಗುತ್ತದೆ ಅಂತ ಊರಲ್ಲಿ ಹೇಳುವುದು ಕೇಳಿದ್ದೇನೆ. ನನಗೆ ಪಾಲಿಗಿಂತ ಅಮ್ಮನ ಚಿಂತೆ ಜಾಸ್ತಿ, ಅವರು ಇರುವುದು ಅದೇ ಮನೆಯಲ್ಲಿ.

ಟೀಚರ್ ಅಕ್ಕ, ನಿಮ್ಮ ಉತ್ತರ ಅಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟೇ. "ಅಕ್ಷತೆ ನೀನು ಹೇಳಿದ ತಕ್ಷಣ ಹಾಕೋದಾ, ಅವನು ಹೇಳಿದ ಮೇಲಾ?"

ವಕೀಲ, ಸಿಟಿ ಸಿವಿಲ್ ಕೋರ್ಟ್

ಆಕ್ಷೇಪ ಯಾರು ಬೇಕಾದರೂ ಹಾಕಬಹುದು. ಆದರೆ 4ನೇ ಸೆಕ್ಷನ್‌ನ ಷರತ್ತು ಮುರಿದಿದೆ ಅನ್ನುವ ಕಾರಣಕ್ಕೆ ಮಾತ್ರ. ಅಂದರೆ ಒಬ್ಬರಿಗೆ ಈಗಾಗಲೇ ಗಂಡನೋ ಹೆಂಡತಿಯೋ ಇದ್ದಾರೆ, ಮನಸ್ಸಿನ ಸ್ವಾಸ್ಥ್ಯ ಇಲ್ಲದೆ ಒಪ್ಪಿಗೆ ಕೊಡಲಾರರು, ಹುಡುಗನಿಗೆ 21 ಅಥವಾ ಹುಡುಗಿಗೆ 18 ತುಂಬಿಲ್ಲ, ಇಬ್ಬರೂ ನಿಷಿದ್ಧ ಸಂಬಂಧದವರು. "ನನಗೆ ಇಷ್ಟ ಇಲ್ಲ", "ಜಾತಿ ಬೇರೆ", "ಧರ್ಮ ಬೇರೆ" ಇವು ಯಾವುದೂ ಆಕ್ಷೇಪ ಆಗುವುದಿಲ್ಲ. ಆಕ್ಷೇಪ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನ ಹೇಳಬೇಕು. ಸುಮ್ನೆ ತೊಂದರೆ ಕೊಡಲು ಹಾಕಿದ್ದು ಅಂತ ಕಂಡರೆ ಹಾಕಿದವರಿಂದಲೇ 1,000 ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. ಅಧಿಕಾರಿ ಮದುವೆ ಮಾಡಿಸುವುದಿಲ್ಲ ಅಂದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. 2021ರ ಫೆಬ್ರವರಿಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿಡಿ. ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಾಗಿಲ್ಲ.

ಪಾಲು ಹೋಗುವುದಿಲ್ಲ. ಅವಿಭಕ್ತ ಹಿಂದೂ ಕುಟುಂಬದವರು ಈ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆ ಆದರೆ ಆ ಕುಟುಂಬದಿಂದ ಬೇರೆ ಆದ ಹಾಗೆ ಅಂತ 19ನೇ ಸೆಕ್ಷನ್ ಹೇಳುತ್ತದೆ. ಬೇರೆ ಆಗುವುದು ಅಂದರೆ ಹಕ್ಕು ಕಳೆದುಕೊಳ್ಳುವುದಲ್ಲ. ಊರಿನವರು ಇವೆರಡನ್ನು ಒಂದು ಮಾಡಿ ಹೆದರಿಸುತ್ತಾರೆ. ಮದುವೆ ಆದ ಮೇಲೆ ನಿಮ್ಮ ಆಸ್ತಿ ನಿಮ್ಮ ನಂತರ ಯಾರಿಗೆ ಅನ್ನುವುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ ಆಗುತ್ತದೆ, ಅದೊಂದು ಬದಲಾವಣೆ. ಇಬ್ಬರೂ ಹಿಂದೂಗಳಾಗಿದ್ದರೆ ಈ ಎರಡೂ ಅನ್ವಯ ಆಗುತ್ತಿರಲಿಲ್ಲ. ತೋಟದ ದಾಖಲೆ ತೆಗೆದುಕೊಂಡು ನಿಮ್ಮೂರ ಹತ್ತಿರದ ವಕೀಲರೊಬ್ಬರನ್ನು ಒಮ್ಮೆ ನೋಡಿ.

ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಫೀಸಿನವರು ಆ ಮಾತು ಹೇಳಿಸದೆ ಸೈನ್ ಮಾತ್ರ ಹಾಕಿಸಿಕೊಂಡು ಕಳಿಸಿದ್ದಾರೆ ಅಂತ ಇದನ್ನು ಓದಿ ಗಾಬರಿ ಆಗುವವರು ಇರಬಹುದು. ಗಾಬರಿ ಬೇಡ. ಸರ್ಟಿಫಿಕೇಟ್ ಪುಸ್ತಕದಲ್ಲಿ ದಾಖಲಾದ ಮೇಲೆ ಅದು ಮದುವೆ ನಡೆದಿದೆ ಅನ್ನುವುದಕ್ಕೆ ನಿರ್ಣಾಯಕ ಸಾಕ್ಷ್ಯ ಅಂತ 13ನೇ ಸೆಕ್ಷನ್ ಹೇಳುತ್ತದೆ. ಆದರೆ ಇನ್ನೂ ಮದುವೆ ಆಗಬೇಕಾದವರು ಆ ಮಾತು ಹೇಳಿಯೇ ಬನ್ನಿ.

ಮೂರು ಮದುವೆಗೆ ಸಾಕ್ಷಿ

ನಾನು ಮೂವರು ಸ್ನೇಹಿತರ ಮದುವೆಗೆ ಸಾಕ್ಷಿ ಹಾಕಿದ್ದೇನೆ. ಸಾಕ್ಷಿಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಾವು ಹಾಕುವ ಸೈನ್ ಮೇಲೆ ಒಂದು ಸಾಲು ಇರುತ್ತದೆ, ನಮಗೆ ತಿಳಿದ ಮಟ್ಟಿಗೆ ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ ಅಂತ. ಮೊದಲ ಸಲ ಅದನ್ನು ಓದಿದಾಗ ಕೈ ನಿಂತಿತು. ಇವರಿಬ್ಬರ ಬಗ್ಗೆ ನನಗೆ ನಿಜವಾಗಿ ಎಷ್ಟು ಗೊತ್ತು ಅಂತ ಯೋಚಿಸಿದೆ. ಹಾಗಾಗಿ ಆಫೀಸಿನ ಹೊರಗೆ ಸಿಗುವ ಯಾರನ್ನೋ ಹಿಡಿದು ಸಾಕ್ಷಿ ಹಾಕಿಸಬೇಡಿ. ನಿಮ್ಮನ್ನು ಬಲ್ಲ ಮೂವರನ್ನು ಕರೆದುಕೊಂಡು ಹೋಗಿ. ಅಪ್ಪ ಅಮ್ಮನೇ ಆಗಬೇಕು ಅಂತ ಇಲ್ಲ. ಮೂವರೂ ಒರಿಜಿನಲ್ ಐಡಿ ತರಲಿ. ಒಂದು ಸಲ ನಾನೇ ಜೆರಾಕ್ಸ್ ಮಾತ್ರ ತಂದಿದ್ದಕ್ಕೆ ನಾಗರಬಾವಿಗೆ ವಾಪಸ್ ಹೋಗಿ ತರಬೇಕಾಯಿತು, ಮದುಮಕ್ಕಳು ಎರಡು ಗಂಟೆ ಕಾದರು. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಇನ್ನೊಂದು. ಮನೆಯಲ್ಲಿ ಏಳಲಾಗದ ಹಿರಿಯರು ಇದ್ದರೆ, ಹೆಚ್ಚಿನ ಶುಲ್ಕ ಕಟ್ಟಿ ಅಧಿಕಾರಿಯನ್ನು ಹತ್ತಿರದ ಜಾಗಕ್ಕೆ ಕರೆಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಕನ್ನಡ ಟೀಚರ್, ಬನಶಂಕರಿ

ಅಮ್ಮನಿಗೆ ಹೇಳಿ, ಅವನು ಹೇಳಿದ ಮೇಲೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕು. ಒಬ್ಬರ ಮಾತು ಮುಗಿದಾಗ ಅರ್ಧ ಆಗಿರುತ್ತದೆ. ಎರಡನೆಯವರ ಮಾತಿನ ಕೊನೆಯ ಪದ ಮುಗಿಯುವ ತನಕ ಅಕ್ಷತೆ ಕೈಯಲ್ಲೇ ಇರಲಿ.

ಚಿಕ್ಕಪ್ಪನ ವಿಷಯಕ್ಕೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ನಮ್ಮ ನೋಟಿಸನ್ನು ಬೋರ್ಡಿನಲ್ಲಿ ನೋಡಿದ ಯಾರೋ ಗುರುತಿಲ್ಲದವರು ನನ್ನ ಅಪ್ಪನಿಗೆ ಫೋನ್ ಮಾಡಿದರು. ಅಪ್ಪನಿಗೆ ಮೊದಲೇ ಗೊತ್ತಿತ್ತು. "ಹೌದು, ನನ್ನ ಮಗಳದೇ, ನಾನೂ ಬರ್ತಿದ್ದೀನಿ" ಅಂದು ಫೋನ್ ಇಟ್ಟರು. ಗೊತ್ತಿಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಎರಡು ಜನ ಮದುವೆ ಆಗುತ್ತೇವೆ ಅಂದರೆ ಅವರ ಹೆಸರು, ವಿಳಾಸ ಎಲ್ಲಾ ಗೋಡೆಗೆ ಅಂಟಿಸುವುದು ನನ್ನ ಪ್ರಕಾರ ತಪ್ಪು. 1872ರ ಹಳೆಯ ಕಾಯ್ದೆಯಲ್ಲಿ ನಾನು ಯಾವ ಧರ್ಮಕ್ಕೂ ಸೇರಿದವಳಲ್ಲ ಅಂತ ಬರೆದುಕೊಡಬೇಕಿತ್ತು. 1954ರಲ್ಲಿ ಅದನ್ನು ತೆಗೆದರು, ಈ ನೋಟಿಸನ್ನು ಮಾತ್ರ ಉಳಿಸಿಕೊಂಡರು. ಇವತ್ತು ಇರುವ ಕಾಯ್ದೆ ಇದೇ. ನೋಟಿಸ್ ಹೊಳೆನರಸೀಪುರ ಮುಟ್ಟುವ ಮೊದಲು ನೀವೇ ಚಿಕ್ಕಪ್ಪನನ್ನು ಮುಟ್ಟಿ. ಮನೆಯಲ್ಲಿ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆ ಮಾತು, ಆಗ ವಕೀಲರ ಜೊತೆ ಮೊದಲು ಕೂತು ಮಾತಾಡಿ. ಬರೀ ಸಿಟ್ಟಿನ ಭಯ ಆದರೆ, ಗೋಡೆಯ ಮೇಲೆ ಓದಿ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಕೇಳಲಿ.

ಸರ್ಟಿಫಿಕೇಟಿಗೆ ಸೈನ್ ಹಾಕುವ ಮೊದಲು ಪ್ರತಿ ಅಕ್ಷರ ಓದಿ. ನಮ್ಮದರಲ್ಲಿ ನನ್ನ ಮಾವನವರ ಹೆಸರು ತಪ್ಪಾಗಿ ಬಂದಿತ್ತು, ಅಲ್ಲೇ ನೋಡಿದ್ದಕ್ಕೆ ಸರಿಮಾಡಿದರು. ಆಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ಅದೆಲ್ಲ ಕಾಡುತ್ತದೆ.

ಹೊಳೆನರಸೀಪುರದ ಹುಡುಗಿ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮದುವೆ ಆಯಿತು. ಮೊನ್ನೆ ಬುಧವಾರ.

ಅಮ್ಮನ ಜೊತೆ ಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಅವರು ಎದ್ದು ತೋಟಕ್ಕೆ ಹೋದರು, ರಾತ್ರಿ ಊಟಕ್ಕೂ ಬರಲಿಲ್ಲ. ಆಕ್ಷೇಪ ಹಾಕಲಿಲ್ಲ. ಮದುವೆಗೂ ಬರಲಿಲ್ಲ. ಚಿಕ್ಕಮ್ಮ ಬಂದರು, ತೋಟದ ಎಳನೀರು ಹನ್ನೆರಡು ಹೊತ್ತು ತಂದರು.

ಅಧಿಕಾರಿ ಮೇಡಂ ತಾವಾಗಿಯೇ ಆ ಮಾತು ಹೇಳಿಸಿದರು, ನಾನು ಕೇಳಬೇಕಾಗಲಿಲ್ಲ. ಮೊದಲು ನಾನು ಹೇಳಿದೆ. ಅವನು ತಮಿಳಿನಲ್ಲಿ ಹೇಳಬಹುದಿತ್ತು, ನನಗೆ ತಮಿಳು ಅರ್ಥ ಆಗುತ್ತದೆ. ಆದರೆ ಅಮ್ಮನಿಗೂ ತಿಳಿಯಬೇಕು ಅಂತ ಕನ್ನಡದಲ್ಲೇ ಹೇಳುತ್ತೇನೆ ಅಂದ. "ಕಾನೂನುಬದ್ಧ" ಅನ್ನುವಲ್ಲಿ ನಾಲಿಗೆ ತೊಡರಿತು. ನಿಲ್ಲಿಸಿ, ಮೊದಲಿನಿಂದ ಮತ್ತೆ ಶುರು ಮಾಡಿದ. ಅಮ್ಮ ಮುಷ್ಟಿ ಬಿಗಿಹಿಡಿದು ನಿಂತಿದ್ದರು, ಕಣ್ಣು ಅವನ ಬಾಯಿ ಮೇಲೇ. "ಸ್ವೀಕರಿಸುತ್ತೇನೆ" ಅಂದದ್ದೇ ತಡ, ಅಕ್ಷತೆ ನಮ್ಮ ತಲೆ ಮೇಲೆ ಬಿತ್ತು. ಅವರ ಅಂಗೈ ಬೆವೆತು ಅರ್ಧ ಅಕ್ಕಿ ಅರಿಶಿನದ ಸಮೇತ ಕೈಗೇ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಬಿಡಿಸಿ ಮತ್ತೆ ಹಾಕಿದರು.